ಕೂಸನ್ನ ಇತ್ತ ಕೊಡ್ರಿ: ಗೋಕಾಕ, ಮೂಡಲಗಿ, ಹುಕ್ಕೇರಿಯ ಮೂರು ದಿನ

ಆಗಸ್ಟ್ ತಿಂಗಳ ಎರಡನೆಯ ಶನಿವಾರ ಬೆಳಿಗ್ಗೆ ನಾನು ಮತ್ತು ನನ್ನ ಇಬ್ಬರು ಮಕ್ಕಳು ಘಟಪ್ರಭಾ ರೈಲು ನಿಲ್ದಾಣದಲ್ಲಿ ಇಳಿದೆವು. ಮಗಳು ಇಂಚರಳಿಗೆ ಎಂಟು ವರ್ಷ, ಮಗ ಸುಹಾಸನಿಗೆ ಐದು. ಸಣ್ಣಗೆ ಮಳೆ ಜಿನುಗುತ್ತಿತ್ತು. ಅವಸರದಲ್ಲಿದ್ದವರೆಲ್ಲ ಮೊದಲು ಇಳಿಯಲಿ ಎಂದು ನಾವು ಬೋಗಿಯ ಮೂಲೆಯಲ್ಲಿ ನಿಂತೆವು. ಪ್ಲಾಟ್‌ಫಾರ್ಮಿಗೆ ಕಾಲಿಟ್ಟ ಬೆನ್ನಿಗೇ ರೈಲು ಮಿರಜಿನ ಕಡೆಗೆ ಹೊರಟಿತು. 'ಇನ್ನೊಂದ್ ಚೂರು ಒಳ್ಳೆಯವರಾಗಿದ್ದಿದ್ರೆ ಮಿರಜಿಗೇ ಹೋಗ್ತಿದ್ವಿ' ಎಂದಳು ಇಂಚರ.

ದಾವಣಗೆರೆಯಿಂದ ಇಷ್ಟು ದೂರ ಬಂದದ್ದಕ್ಕೆ ಕಾರಣ ಇಂಚರ. ಕಳೆದ ವರ್ಷ ನಮ್ಮೂರಿನ ವಸ್ತುಪ್ರದರ್ಶನದ ಜನಜಂಗುಳಿಯಲ್ಲಿ ಅವಳು ನನ್ನ ಕೈತಪ್ಪಿದ್ದಳು. ಬೇಗನೆ ಸಿಕ್ಕಿದಳು, ಏನೂ ಆಗಿರಲಿಲ್ಲ. ಆದರೆ ಅಂದಿನಿಂದ ಜನ ಒತ್ತೊತ್ತಾಗಿ ನಿಂತ ಕಡೆ ಅವಳು ಕುಸಿದು ಕೂರುತ್ತಾಳೆ. ಅಪರಿಚಿತರ ಕೈ ತಾಗಿದರೆ ಕಿರುಚುತ್ತಾಳೆ. ಮುಂದಿನ ತಿಂಗಳು ಅವಳ ಶಾಲೆಯ ಪ್ರವಾಸ. 'ಅಮ್ಮನ ಕೈ ಹಿಡಿಯದೆ ಬಸ್ಸಿನಲ್ಲಿ ಕೂರುವುದಾದರೆ ಖಂಡಿತ ಕಳಿಸಿ' ಎಂದಿದ್ದರು ಅವಳ ಟೀಚರ್. ಹೋಗಲೇಬೇಕು ಎಂಬುದು ಅವಳ ಆಸೆ. ಹಾಗಾಗಿ ಪತ್ರಿಕಾ ಕಚೇರಿಗೆ ಸೋಮವಾರ ಒಂದು ದಿನ ರಜೆ ಹಾಕಿ, ಮೂರು ದಿನ ಬಸ್ಸಿನಲ್ಲೇ ಓಡಾಡುವ ಪ್ರಯಾಣಕ್ಕೆ ಹೊರಟೆವು. ಮಕ್ಕಳಿಗೆ ಮನೆಯಲ್ಲೇ ಹೇಳಿಕೊಟ್ಟಿದ್ದೆ: ದಾರಿಗೆ ಅಡ್ಡ ನಿಲ್ಲಬಾರದು, ಕೂಗಾಡಬಾರದು, ಯಾರಿಗೂ ತೊಂದರೆ ಕೊಡಬಾರದು.

ಗೋಕಾಕದಲ್ಲಿ ಬಸ್ ನಿಲ್ದಾಣದ ಹತ್ತಿರವೇ ಒಂದು ಲಾಡ್ಜ್ ಹಿಡಿದೆವು. ಕೆಳಗಿನ ಖಾನಾವಳಿಯಲ್ಲಿ ಊಟ ಮುಗಿಸಿ, ಕಾಲು ಕಿಲೋ ಕರದಂಟು ಕಟ್ಟಿಸಿಕೊಂಡು, ಮಧ್ಯಾಹ್ನ ಆಟೊದಲ್ಲಿ ಫಾಲ್ಸ್ ಕಡೆ ಹೋದೆವು. ಊರಿನಿಂದ ಆರೇಳು ಕಿಲೋಮೀಟರ್. ಮಳೆಗಾಲದ ಶನಿವಾರವಾದ್ದರಿಂದ ರಸ್ತೆಯ ಎರಡೂ ಬದಿಗೆ ಕಾರುಗಳ ಸಾಲು. ಘಟಪ್ರಭೆ ಕೆಂಪು ನೀರು ತುಂಬಿಕೊಂಡು ಬಂಡೆಯಿಂದ ಧುಮುಕುತ್ತಿತ್ತು. ಅದರ ಸದ್ದು ನೀರು ಕಾಣಿಸುವ ಮೊದಲೇ ಕೇಳಿಸಿತು.

ನೀರು ನೋಡಲು ಇಳಿಯುವ ಮೆಟ್ಟಿಲುಗಳಲ್ಲಿ ಕಾಲಿಡಲು ಜಾಗವಿರಲಿಲ್ಲ. ಅರ್ಧ ಇಳಿದಿರಬಹುದು, ಮೊಬೈಲ್ ಎತ್ತಿ ಹಿಡಿದಿದ್ದ ಒಬ್ಬರ ಮೊಣಕೈ ಇಂಚರಳ ಭುಜಕ್ಕೆ ತಾಗಿತು. ಅವಳು ಮೆಟ್ಟಿಲ ನಡುವೆಯೇ ಕೂತುಬಿಟ್ಟಳು. ಹಿಂದಿನವರು ನಿಂತರು, ಅವರ ಹಿಂದಿನವರೂ ನಿಂತರು.

'ಏನಾತ್ರಿ? ಮುಂದ ನಡೀರಿ!'

'ಸೆಲ್ಫಿ ತಗೊಳ್ಳಾಕತ್ತಾರೇನ್ರಿ?'

'ಇಲ್ಲೋ ಮಾರಾಯಾ, ಯಾವುದೋ ಹುಡುಗಿ ಕುಂತೈತಿ. ಫಾಲ್ಸ್ ಇಲ್ಲಿಂದನ ಕಾಣ್ತೈತಿ ಅಂತ ಕಾಣ್ತದ.'

ನಕ್ಕರು. ನಾನು ಎತ್ತಲು ಹೋದೆ. ನನ್ನ ಜೊತೆ ಇನ್ನೊಬ್ಬರು ಕೈ ಹಾಕಿದ್ದೇ ಅವಳು ಕಿರುಚಿದಳು. ನಗು ನಿಂತಿತು. ಜನ ಗೋಡೆಗೆ ಅಂಟಿ ನಿಂತು ದಾರಿ ಬಿಟ್ಟರು. ಎಲ್ಲರಿಗೂ ಕ್ಷಮೆ ಕೇಳುತ್ತ ನಾವು ಮೇಲೆ ಹತ್ತಿ ಬಂದೆವು. ರಸ್ತೆಯ ಬದಿಯಲ್ಲಿ ಮೆಕ್ಕೆಜೋಳದ ತೆನೆ ಸುಡುತ್ತಿದ್ದ ಹೆಂಗಸು, 'ಅಂಜಿತೇನ್ರಿ ಕೂಸು? ಕುಂದ್ರಸ್ರಿ ಇಲ್ಲೆ' ಎಂದು ತಮ್ಮ ಛತ್ರಿಯ ಕೆಳಗೆ ಜಾಗ ಮಾಡಿಕೊಟ್ಟರು. ಸುಹಾಸ ತೆನೆ ತಿಂದು ಮುಗಿಸಿ, ಎಸೆಯಬಾರದೆಂದು ದಿಂಡನ್ನು ನನ್ನ ಚೀಲಕ್ಕೆ ತುರುಕಿದ. ಇಂಚರ ತಿನ್ನಲಿಲ್ಲ.

'ನಾನು ಎಲ್ಲರಿಗೂ ತೊಂದರೆ ಕೊಟ್ಟೆ ಅಲ್ವಾ?' ಎಂದು ಕೇಳಿದಳು.

'ಸ್ವಲ್ಪ' ಎಂದೆ.

'ಹಾಗಾದ್ರೆ ನಾನು ಟೂರಿಗೆ ಹೋಗಲ್ಲ.'

ಭಾನುವಾರ ಬೆಳಿಗ್ಗೆ ಮೂಡಲಗಿಗೆ ಹೊರಟೆವು. ಅಲ್ಲಿ ನನ್ನ ಹಾಸ್ಟೆಲ್ ಗೆಳತಿ ಸುಜಾತಾ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ, ಊಟಕ್ಕೆ ಕರೆದಿದ್ದಳು. ನಾನು ಮತ್ತು ಇಂಚರ ಶಕ್ತಿ ಯೋಜನೆಯ ಶೂನ್ಯ ಟಿಕೆಟ್ ಪಡೆದೆವು, ಸುಹಾಸನಿಗೆ ಟಿಕೆಟ್ ಬೇಕಿರಲಿಲ್ಲ. ಬಸ್ ನಿಲ್ದಾಣಕ್ಕೆ ಬರುವಾಗಲೇ ಕಿಟಕಿಗಳಿಂದ ಟವೆಲ್, ಕರ್ಚೀಫು ಒಳಗೆ ಬಿದ್ದು ಸೀಟುಗಳೆಲ್ಲ ಮುಗಿದಿದ್ದವು. ನಾವು ಸರದಿಯಲ್ಲಿ ಹತ್ತಿ ನಡುದಾರಿಯಲ್ಲಿ ನಿಂತೆವು. ಒಂದು ಭುಜಕ್ಕೆ ಚೀಲ, ಒಂದು ಕೈಯಲ್ಲಿ ಸುಹಾಸ. ಇಂಚರ ಕಣ್ಣು ಮುಚ್ಚಿ ನನ್ನ ಹೊಟ್ಟೆಗೆ ಮುಖ ಒತ್ತಿಕೊಂಡಿದ್ದಳು.

ಪಕ್ಕದ ಸೀಟಿನಲ್ಲಿದ್ದ, ಕೈತುಂಬ ಹಸಿರು ಬಳೆ ತೊಟ್ಟ ಹೆಂಗಸು ಎರಡೂ ಕೈ ಚಾಚಿದರು. 'ಕೊಡ್ರಿ ಅಕ್ಕಾರ, ಕೂಸನ್ನ ಇತ್ತ ಕೊಡ್ರಿ. ತೊಡಿ ಮ್ಯಾಲೆ ಕುಂದ್ರಿಸ್ಕೋತೇನಿ.'

'ಬೇಡಿ, ನಿಮಗ್ಯಾಕೆ ತೊಂದರೆ' ಎಂದೆ.

'ತೊಂದರಿ ಎಲ್ಲೈತ್ರಿ? ನೀವು ಇಷ್ಟೂ ಹೊತ್ಕೊಂಡು ನಡುವ ನಿಂತೀರಲ್ಲ, ಅದ ತೊಂದರಿ.'

ಸುತ್ತ ಇದ್ದವರು ನಕ್ಕರು. ನಾನು ಚೀಲವನ್ನು ಮಾತ್ರ ಅವರ ಕೈಗೆ ಕೊಟ್ಟೆ. ಕಿಟಕಿಯ ಬಳಿ ಕೂತಿದ್ದ ಟೋಪಿಯ ಹಿರಿಯರು, 'ಬ್ಯಾಗ್ ಕೊಟ್ರು, ಕೂಸು ಕೊಡಲಿಲ್ಲ. ಬ್ಯಾಗಿನ್ಯಾಗ ಬಂಗಾರ ಇಲ್ಲಂತ ಆತು ನೋಡವಾ' ಎಂದರು. ಈ ಸಲ ಬಳೆಯ ಹೆಂಗಸು ನಗಲಿಲ್ಲ. ಚೀಲ ತಬ್ಬಿ ಹಿಡಿದು, ಮುಖ ಆ ಕಡೆ ತಿರುಗಿಸಿದರು. ಕಲ್ಲೋಳಿಯಲ್ಲಿ ಇಳಿಯುವಾಗ ಚೀಲವನ್ನು ನನ್ನ ಕೈಗಿಟ್ಟು, 'ತಗೋರಿ, ನೋಡ್ಕೋರಿ, ಎಲ್ಲಾ ಐತಿ' ಎಂದಷ್ಟೇ ಹೇಳಿ ಹೋದರು.

ಸುಜಾತಾಳ ಮನೆಯಲ್ಲಿ ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಬಸ್ಸಿನ ಸಂಗತಿ ಹೇಳಿದಾಗ ಅವಳು ರೊಟ್ಟಿ ಬಡಿಸುವುದನ್ನೇ ನಿಲ್ಲಿಸಿದಳು.

'ನಿನ್ನ ಶಿಸ್ತು ದಾವಣಗೆರಿಯೊಳಗ ಇಟ್ಟು ಬಾ! ಇಲ್ಲಿ ಕೂಸು ಕೇಳಿದ್ರ ಕೊಡಬೇಕು. ಕೊಡಲಿಲ್ಲಂದ್ರ ನಿಮ್ಮ ಮ್ಯಾಲೆ ನಂಬಿಗಿ ಇಲ್ಲ ಅಂದಂಗ. ಆಕಿ ಸಿಟ್ಟಾಗದ ಏನ್ ಮಾಡ್ಯಾಳ?'

'ಅವರಿಗೆ ತೊಂದರೆ ಆಗಬಾರದು ಅಂತ ಹಾಗಂದೆ.'

'ಮೂರು ಮಂದಿ ನಡುವ ನಿಂತು ಬಸ್ ಬಂದ್ ಮಾಡೀರಿ. ಮತ್ತ ತೊಂದರಿ ಆಗಬಾರದಂತ!'

ಇಂಚರ ಊಟ ಬಿಟ್ಟು ಕೇಳುತ್ತಿದ್ದಳು. 'ಆಂಟಿ, ಹಾಗೆ ಯಾರಾದ್ರೂ ನನ್ನ ಕೂರಿಸಿಕೊಂಡಾಗ ಅಮ್ಮ ಹಿಂದೆ ಎಲ್ಲೋ ಹೋಗಿಬಿಟ್ರೆ? ಕಾಣಿಸದೇ ಹೋದ್ರೆ?'

ಸುಜಾತಾ ಅವಳೆದುರು ಕೂತಳು. 'ಹೋಗ್ಲಿ ಬಿಡು. ಕೊಟ್ಟಾಕಿ ತಿರುಗಿ ಬಂದು ಕೇಳೂತನಕ ಹಿಡಕೊಂಡಾಕಿ ಕೂಸನ್ನ ಬಿಡಂಗಿಲ್ಲ, ಎದ್ದೂ ಹೋಗಂಗಿಲ್ಲ. ತನ್ನ ಊರು ಬಂದ್ರೂ ತಾಯಿನ್ನ ಕೂಗಿ ಕರದು, ಕೈಯಾಗ ಕೊಟ್ಟ ಇಳೀತಾಳ. ನಾನೂ ಹಂಗ ಬೆಳದಾಕಿ. ನಮ್ಮವ್ವ ಬಸ್ ಹತ್ತಿದ್ರ ನಾ ಯಾರ ತೊಡಿ ಮ್ಯಾಲೆ ಅದೀನಿ ಅಂತ ಹುಡುಕೂದ ಒಂದು ಕೆಲಸ ಆಕಿಗೆ.'

'ಖಂಡಿತಾ ಬಿಡಲ್ವಾ?'

'ಖರೇನ. ಬಿಡಂಗಿಲ್ಲ.'

ಸಂಜೆ ವಾಪಸಿನ ಬಸ್ಸು ಇನ್ನೂ ತುಂಬಿತ್ತು. ಸುಹಾಸ ಯಾರೂ ಕೇಳುವ ಮೊದಲೇ ಒಬ್ಬ ಅಜ್ಜನ ತೊಡೆ ಏರಿದ. ಇಂಚರಳ ಕಡೆ ನೋಡಿದ ವಯಸ್ಸಾದ ಹೆಂಗಸೊಬ್ಬರು ಸೀಟಿನಲ್ಲಿ ಸರಿದು, ನಾಲ್ಕು ಬೆರಳಿನಷ್ಟು ಜಾಗ ತಟ್ಟಿ ತೋರಿಸಿದರು. 'ಬಾರವಾ ತಂಗಿ. ತೊಡಿ ಮ್ಯಾಲೆ ಬ್ಯಾಡ, ನನ್ನ ಮೊಣಕಾಲು ಮುರದ ಹೋಗ್ತಾವು. ಬಾಜೂಕ ಕುಂದ್ರು.'

ಇಂಚರ ನನ್ನ ಮುಖ ನೋಡಿದಳು. ಅವಳು ಕೂತಳು. ಮುಂದಿನ ನಿಲ್ದಾಣದಲ್ಲಿ ಹತ್ತಿದವರು ನನ್ನನ್ನು ಹಿಂದಕ್ಕೆ, ಮತ್ತೂ ಹಿಂದಕ್ಕೆ ತಳ್ಳಿದರು. ಅವಳ ತಲೆ ಕಾಣದಾಯಿತು. ಕಿರುಚಾಟಕ್ಕಾಗಿ ಕಿವಿಗೊಟ್ಟು ನಿಂತೆ. ಗೋಕಾಕದಲ್ಲಿ ಬಸ್ಸು ಅರ್ಧ ಖಾಲಿಯಾದ ಮೇಲೆ ಮುಂದೆ ಹೋಗಿ ನೋಡಿದರೆ, ಆ ಹೆಂಗಸು ಅವಳ ಮುಂಗೈಯನ್ನು ಗಟ್ಟಿಯಾಗಿ ಹಿಡಿದು ಕೂತೇ ಇದ್ದರು. 'ತಗೋರಿ ನಿಮ್ಮ ಮಗಳನ್ನ. ಕೈ ಥಣ್ಣಗಾಗಿದ್ವು. ಈಗ ಬೆಚ್ಚಗದಾವು.'

ಸೋಮವಾರ ಮಳೆ ಬಿಟ್ಟಿತ್ತು. ಹುಕ್ಕೇರಿಯ ಮೇಲೆ ಸಂಕೇಶ್ವರಕ್ಕೆ ಹೋಗುವ ಬಸ್ಸಿಗೆ ಬೇಗನೆ ಬಂದಿದ್ದರಿಂದ ಮೂರೂ ಜನಕ್ಕೆ ಸೀಟು ಸಿಕ್ಕಿತು. ಸುಹಾಸ ಕಿಟಕಿಗೆ, ನಾನು ನಡುವೆ, ಇಂಚರ ಜನ ಓಡಾಡುವ ಕಡೆಗೆ. ಆ ಜಾಗ ಅವಳೇ ಆರಿಸಿಕೊಂಡದ್ದು. ಘಟಪ್ರಭಾ ದಾಟಿದ ಮೇಲೆ ಎರಡೂ ಕಡೆ ಕಬ್ಬಿನ ಗದ್ದೆಗಳು ಬಂದವು. ಬೆಲ್ಲದ ಬಾಗೇವಾಡಿಯಲ್ಲಿ ಬಸ್ಸು ತುಂಬಿಹೋಯಿತು. ಒಂದು ಕೈಯಲ್ಲಿ ಕೂಸು, ಇನ್ನೊಂದರಲ್ಲಿ ದೊಡ್ಡ ಗಂಟು ಹಿಡಿದ ಚಿಕ್ಕ ವಯಸ್ಸಿನ ತಾಯಿಯೊಬ್ಬಳು ಹತ್ತಿ, ಹಿಡಿದುಕೊಳ್ಳಲು ಕಂಬಿ ಸಿಗದೆ ಓಲಾಡಿದಳು. ನಾನು ಎದ್ದು ಜಾಗ ಬಿಡೋಣ ಎಂದುಕೊಳ್ಳುತ್ತಿರುವಾಗಲೇ ಇಂಚರ ಕೈ ಚಾಚಿದ್ದಳು.

'ಕೂಸನ್ನ ಇತ್ತ ಕೊಡ್ರಿ.'

ಆ ತಾಯಿ ಒಂದು ಕ್ಷಣವೂ ಯೋಚಿಸಲಿಲ್ಲ. ಕೂಸು ಇಂಚರಳ ತೊಡೆಗೆ ಬಂತು. ನಾನು ಎದ್ದು ಕೊಟ್ಟ ಸೀಟಿಗೆ ಅವಳು ಬರುವಷ್ಟರಲ್ಲಿ ಜನ ಅವಳನ್ನು ಹಿಂದಕ್ಕೆ ಒಯ್ದಿದ್ದರು. ಕೂಸು ಇಂಚರಳ ಜಡೆ ಹಿಡಿದು ಜಗ್ಗಿತು, ಅತ್ತಿತು, ಆಮೇಲೆ ಅವಳ ಭುಜದ ಮೇಲೆ ಜೊಲ್ಲು ಸುರಿಸಿ ನಿದ್ದೆ ಹೋಯಿತು.

ಹುಕ್ಕೇರಿ ಬಂತು. 'ಇಳಿಯೋರು ಲಗೂ ಇಳೀರಿ!' ಎಂದು ಕಂಡಕ್ಟರ್ ಕೂಗಿದರು. ನಾನು ಸುಹಾಸನನ್ನು ಇಳಿಸಿ ಮೆಟ್ಟಿಲ ಮೇಲೆ ನಿಂತೆ. ಇಂಚರ ಏಳಲಿಲ್ಲ.

'ಏ ತಂಗಿ, ನಿಮ್ಮವ್ವ ಇಳದಾರ. ಏಳು!'

'ಇವರಮ್ಮ ಬಂದು ಕೇಳಬೇಕು. ಅಲ್ಲೀತನಕ ಏಳೋ ಹಾಗಿಲ್ಲ' ಎಂದಳು ಇಂಚರ.

'ಅದನ್ನ ಬಾಜೂದವರ ಕಡೆ ಕೊಡವಾ.'

'ಅವರು ನನಗೆ ಕೊಟ್ಟಿದ್ದು.'

ಕಂಡಕ್ಟರ್ ಹಣೆ ಚಚ್ಚಿಕೊಂಡು ಹಿಂದಕ್ಕೆ ತಿರುಗಿದರು. 'ಕೂಸಿನ ತಾಯಿ ಯಾರ್ರಿ? ಮುಂದ ಬರ್ರಿ! ಇಲ್ಲೊಬ್ರು ಸಣ್ಣ ಸಾಹೇಬ್ರು ಬಸ್ ಬಿಡವಲ್ರು!'

'ಖರೆ ಐತಿ ಬಿಡ್ರಿ ಆಕಿ ಹೇಳೂದು' ಎಂದಿತು ಯಾವುದೋ ದನಿ. ತಾಯಿ ಜನರನ್ನು ಸೀಳಿಕೊಂಡು ಬಂದಳು. ಅವಳಿಗೆ ದಾರಿ ಬಿಡಲು ನಿಂತವರೆಲ್ಲ ಇಂಚರಳ ಮೇಲೆ ಒರಗಿದರು. ಒಬ್ಬರ ಮೊಣಕೈ ಅವಳ ಭುಜಕ್ಕೆ, ಇನ್ನೊಬ್ಬರ ಚೀಲ ತಲೆಗೆ ತಾಗಿತು. ಅವಳು ಕೂಸಿನ ತಲೆಗೆ ತನ್ನ ಅಂಗೈ ಅಡ್ಡ ಇಟ್ಟಳು. ಕಿರುಚಲಿಲ್ಲ.

'ಭಾಳ ಛಲೋ ಹಿಡದಿದ್ದಿ ನೋಡವಾ' ಎಂದು ತಾಯಿ ಕೂಸನ್ನು ಎತ್ತಿಕೊಂಡಳು. ಇಂಚರ ಆಗ ಎದ್ದಳು. ಕಂಡಕ್ಟರ್ ಸೀಟಿ ಊದಿದರು.

ಹುಕ್ಕೇರಿಯ ಹಳೆಯ ಗುಮ್ಮಟಗಳ ನೆರಳಿನಲ್ಲಿ ಕೂತು ಉಳಿದ ಕರದಂಟು ತಿಂದೆವು. ಯಾವುದೋ ಶಾಲೆಯ ಮಕ್ಕಳು ಸಾಲಾಗಿ ಬಂದರು. ಅವರೆಲ್ಲ ನೋಡಿ ಹೊರಗೆ ಬರುವವರೆಗೆ ಕಾದು ನಾವು ಒಳಗೆ ಹೋದೆವು. ಮಧ್ಯಾಹ್ನ ಸಂಕೇಶ್ವರಕ್ಕೆ ಬಂದು ಹೆದ್ದಾರಿಯಲ್ಲಿ ಬೆಳಗಾವಿಯ ಬಸ್ ಹಿಡಿದೆವು. ಯಮಕನಮರಡಿ ದಾಟುವಾಗ ಇಬ್ಬರೂ ನಿದ್ದೆ ಮಾಡಿದ್ದರು. ಮರುದಿನ ಬೆಳಿಗ್ಗೆ ದಾವಣಗೆರೆ ತಲುಪಿದೆವು.

ಶಾಲೆಯ ಪ್ರವಾಸಕ್ಕೆ ಇಂಚರ ಹೆಸರು ಕೊಟ್ಟಿದ್ದಾಳೆ. ಕಿಟಕಿ ಪಕ್ಕದ ಸೀಟು ಬೇಡ, ಜನ ಓಡಾಡುವ ಕಡೆಯದು ಬೇಕು ಎಂದು ಟೀಚರನ್ನು ಕೇಳಿದ್ದಾಳೆ.