ಹರಿಯದ ನಿಂಬೆಹೋಳು

ಕಳೆದ ಶುಕ್ರವಾರ ಮೂರು ನಿಂಬೆಹೋಳು ಹರಿದು ಹಾಕಿದೆ. ಮೂರೋ, ನಾಲ್ಕೋ. (ನನ್ನ ನೆನಪು ಸದಾ ನನ್ನ ಪರವಾಗಿಯೇ ಸಾಕ್ಷಿ ಹೇಳುತ್ತದೆ. ನಾಲ್ಕು ಅಂತಿಟ್ಟುಕೊಳ್ಳಿ.)

ಬನಶಂಕರಿ ದೇವಸ್ಥಾನದ ಹತ್ತಿರ ಗಿರಿಜಮ್ಮನ ಹೂವಿನ ಅಂಗಡಿ. ರಾಹುಕಾಲದ ಹೊತ್ತು. ನಿಂಬೆಹಣ್ಣಿನ ದೀಪ ಹಚ್ಚುವವರ ನೂಕುನುಗ್ಗಲು. ರಸ ಹಿಂಡಿದ ಹೋಳನ್ನು ಒಳಗಿನದು ಹೊರಗೆ ಬರುವಂತೆ ಮಗುಚಿದರೆ ಪುಟ್ಟ ಬಟ್ಟಲು. ಅದಕ್ಕೆ ಎಣ್ಣೆ, ಬತ್ತಿ. ಸಿಪ್ಪೆ ಹರಿಯಿತೋ, ಎಣ್ಣೆ ಸೋರಿತು.

ನಾನು ಹೋದದ್ದು ಒಂದು ಮೊಳ ಮಲ್ಲಿಗೆಗೆ. ಸಿಕ್ಕಿದ್ದು ತಾಯಿ ಮಗಳ ಜಗಳ.

"ನೋಡಿ ಸಾರ್! ಹನ್ನೆರಡಕ್ಕೆ ಜಯನಗರದಲ್ಲಿ ವೈವಾ. ಓದ್ಕೊಳೇ ಅಂದ್ರೆ ಇಲ್ಲಿ ಬಂದು ನಿಂಬೆಹಣ್ಣು ಹಿಂಡ್ತಾ ಕೂತಿದಾಳೆ. ಈ ಸಲಾನೂ ಹೋದ್ರೆ ಒಂದ್ ವರ್ಷ ಹೋದಂಗೆ!"

ಮಗಳು ಚೈತ್ರಾ, ಬಿಎಸ್ಸಿ ಕೊನೆಯ ವರ್ಷ. ಬೆಳಿಗ್ಗೆ ಕಾಲೇಜು, ಸಂಜೆ ಪದ್ಮನಾಭನಗರದಲ್ಲಿ ಮಕ್ಕಳಿಗೆ ಟ್ಯೂಷನ್, ಆಮೇಲೆ ಲ್ಯಾಬ್ ರೆಕಾರ್ಡು. ಹೋದ ಸಲ ಕೆಮಿಸ್ಟ್ರಿ ವೈವಾದಲ್ಲಿ ಮೊದಲ ಪ್ರಶ್ನೆಗೇ ಅವಳ ಬಾಯಿ ಕಟ್ಟಿಹೋಗಿತ್ತು. ಗೊತ್ತಿದ್ದೂ ಒಂದಕ್ಷರ ಹೊರಬಂದಿರಲಿಲ್ಲ.

ಹಿರಿಯನಲ್ಲವೇ ನಾನು? ಉಪದೇಶ ಮಾಡದೆ ಇರಲಾದೀತೇ? "ಸ್ಟ್ರೆಸ್‌ಗೆ ಒಳ್ಳೊಳ್ಳೆ ಆ್ಯಪ್ ಇವೆ ಕಣಮ್ಮಾ."

"ಇತ್ತು ಅಂಕಲ್. ಎರಡು ದಿನ ಧ್ಯಾನ ಮಾಡ್ಲಿಲ್ಲ ಅಂದ್ರೆ ನೋಟಿಫಿಕೇಶನ್ ಕಳ್ಸಿ ಬೈತಿತ್ತು. ಅದ್ರದ್ದೇ ಟೆನ್ಷನ್ ಆಗೋಯ್ತು, ಡಿಲೀಟ್ ಮಾಡ್ದೆ." ಒಂದು ಹೋಳು ನನ್ನ ಕೈಗಿಟ್ಟಳು. "ಮಗುಚಿ ನೋಡೋಣ."

ಹರಿಯಿತು. ಇನ್ನೊಂದು. ಅದೂ. ಮುಂದಿನವೂ.

"ಸಾರ್, ಸುಮ್ನೆ ಹೂವು ತಗೊಂಡ್ ಹೋಗಿ," ಎಂದರು ಗಿರಿಜಮ್ಮ.

ಚೈತ್ರಾಳ ಮೊದಲ ಹೋಳೂ ಹರಿದಿತ್ತು. ಬೆರಳು ನಡುಗುತ್ತಿದ್ದವು. "ಅವಸರ ಮಾಡಿದ್ರೆ ಹರಿಯತ್ತೆ, ಹೆದರಿ ಮೆಲ್ಲಗೆ ಹಿಡಿದ್ರೆ ಮಗುಚಲ್ಲ. ಹತ್ತು ಹೋಳು ಸಾಲಾಗಿ ಸರಿ ಬಂದ್ರೆ ನಾನು ರೆಡಿ."

ಅಜ್ಜಿಯೊಬ್ಬರು ಬಗ್ಗಿದರು. "ಬೇಗ ಕೊಡೇ ಹುಡ್ಗೀ, ರಾಹುಕಾಲ ಮುಗ್ದೋಗತ್ತೆ!"

"ನನ್ ವೈವಾನೂ ಅಜ್ಜೀ. ತಡೀರಿ."

ತಡೆದರು! ನಾನೂ ತಡೆದೆ. ಎರಡು ಹೆಬ್ಬೆರಳು ನಡುವೆ ಒತ್ತುತ್ತವೆ, ಉಳಿದ ಬೆರಳು ಅಂಚನ್ನು ಹಿಂದಕ್ಕೆ ತಿರುಗಿಸುತ್ತವೆ. ಹೊರಗಿದ್ದ ಹಳದಿ ಒಳಗಾಗುತ್ತದೆ. ಐದು. ಆರು. ಏಳನೆಯದು ಹರಿಯಿತು. ಅವಳು ಬೈದುಕೊಳ್ಳಲಿಲ್ಲ, ಗಡಿಯಾರ ನೋಡಲಿಲ್ಲ; ಮತ್ತೆ ಒಂದರಿಂದ ಶುರು ಮಾಡಿದಳು. ಅಷ್ಟು ಗದ್ದಲದ ನಡುವೆ ಆ ಬೆರಳುಗಳು ನಿಧಾನಕ್ಕೆ ನಡುಕ ಬಿಡುವುದನ್ನು ನಾನು ಕಣ್ಣಾರೆ ಕಂಡೆ. ಗರ್ಭಗುಡಿಯ ಮುಂದೆಯೂ ನಾನು ಇಷ್ಟು ಹೊತ್ತು ಕಣ್ಣು ಕದಲಿಸದೆ ನಿಂತಿಲ್ಲ.

ಹತ್ತು. ಕೈ ಒರೆಸಿಕೊಂಡಳು. "ಬರ್ತೀನಮ್ಮಾ." ಆಟೋ ಹತ್ತಿ ಹೋದಳು.

ಸಂಜೆ ಗಿರಿಜಮ್ಮನ ಹತ್ತಿರ ನಂಬರ್ ತೆಗೆದುಕೊಂಡು ಚೈತ್ರಾಗೆ ಫೋನ್ ಮಾಡಿದೆ. ಎಲ್ಲದಕ್ಕೂ ಪಟಪಟ ಉತ್ತರಿಸಿದಳು ಎಂದು ಬರೆದರೆ ನನ್ನ ಈ ಅಂಕಣಕ್ಕೆ ಚೆಂದ. ನಡೆದದ್ದು ಹಾಗಲ್ಲ.

"ಮೊದಲ್ನೇ ಪ್ರಶ್ನೆಗೆ ಗೊತ್ತಿಲ್ಲ ಸಾರ್ ಅಂದೆ. ಹೋದ್ಸಲ ಅಷ್ಟೂ ಹೇಳಕ್ಕಾಗಿರ್ಲಿಲ್ಲ ಅಂಕಲ್. ಆಮೇಲೆ ಎರಡನೇದಕ್ಕೆ ಬಾಯಿ ಬಂತು. ಪಾಸ್ ಆಗ್ತೀನಿ ಅನ್ಸತ್ತೆ."

ಏಳನೆಯ ಹೋಳು ಹರಿದಾಗ ಮತ್ತೆ ಒಂದರಿಂದ ಶುರು ಮಾಡಿದವಳಲ್ಲವೇ?

ನಿನ್ನೆ ಮನೆಯಲ್ಲಿ ಕದ್ದುಮುಚ್ಚಿ ಕೂತು ಹೋಳು ಮಗುಚುತ್ತಾ ಆರರವರೆಗೆ ಬಂದೆ. ನಿಮ್ಮದು ಎಷ್ಟನೆಯದಕ್ಕೆ ಹರಿಯುತ್ತದೆ?