ಕೊಸರಿಗೆ ಬಿದ್ದ ಸುಂಕ

ತೊಂಬತ್ತೆಂಟು ಸಾವಿರದ ನಾನೂರು ರೂಪಾಯಿ. ಪಕ್ಕದ ಮನೆಯ ಧೃತಿ ಅಂಕಿಯನ್ನು ಎರಡು ಸಲ ಓದಿ ಹೇಳಿದ ಮೇಲೂ ಜಯದೇವಪ್ಪನವರಿಗೆ ನಂಬಿಕೆ ಬರಲಿಲ್ಲ. ಅವಳ ಫೋನನ್ನು ಕೈಗೆ ತೆಗೆದುಕೊಂಡು, ಕನ್ನಡಕ ಹಣೆಗೇರಿಸಿ, ಮತ್ತೆ ಇಳಿಸಿ, ತಾವೇ ಒಂದೊಂದು ಅಂಕಿಯನ್ನೂ ಬೆರಳಿಟ್ಟು ನೋಡಿದರು. ಕಳಿಸಿದ್ದು ಒಂದು ಕೇರಂ ಬೋರ್ಡು, ಬೆಲೆ ಹದಿನಾಲ್ಕು ಸಾವಿರ. ಜರ್ಮನಿಗೆ ಕೊರಿಯರ್ ಖರ್ಚು ಹತ್ತೊಂಬತ್ತು ಸಾವಿರ ಎಂದಾಗಲೇ ಹೆಂಡತಿ ಶಾಂತಾದೇವಿ ಎದೆ ಹಿಡಿದುಕೊಂಡು ಕೂತಿದ್ದರು. ಈಗ ಆ ದೇಶದ ಕಸ್ಟಮ್ಸ್ ಬಾಗಿಲು ದಾಟಿಸುವುದಕ್ಕೇ ಒಂದು ಲಕ್ಷದ ಹತ್ತಿರ ಹತ್ತಿರ.

"ಇದು ನಮ್ದಲ್ಲಮ್ಮ. ಇನ್ಯಾರ್ದೋ ಬಿಲ್ಲು ನಮಗೆ ಬಂದಿರ್ಬೇಕು, ಸರಿಯಾಗಿ ನೋಡು."

"ನಿಮ್ದೇ ಅಂಕಲ್. ಹೆಸರಿದೆ ನೋಡಿ, ಜಯದೇವಪ್ಪ, ಬನಶಂಕರಿ ಸೆಕೆಂಡ್ ಸ್ಟೇಜ್."

ಅಯ್ಯೋ ಶಿವನೇ, ಆ ಹೆಸರನ್ನು ಬೇರೆಯವರು ಒಂದು ಕಡೆ ಬರೆದಿರುವುದನ್ನು ನೋಡಬೇಕೆಂದು ಆ ಮನುಷ್ಯ ಮೂವತ್ತಮೂರು ವರ್ಷ ಕಾದಿದ್ದರು. ಕೊನೆಗೆ ಕಂಡದ್ದು ಈ ಬಿಲ್ಲಿನಲ್ಲಿ.

ಜಯದೇವಪ್ಪನವರನ್ನು ಬನಶಂಕರಿಯಲ್ಲಿ ಯಾರನ್ನು ಕೇಳಿದರೂ ತೋರಿಸುತ್ತಾರೆ ಎಂದು ನಾನು ಹೇಳಿದರೆ ಸುಳ್ಳಾಗುತ್ತದೆ. ಯಾರಿಗೂ ಗೊತ್ತಿಲ್ಲ, ಅದೇ ಅವರ ಸಂಕಟ. ಮನೆಯ ಹಿಂದಿನ ಶೀಟ್ ಹೊದಿಸಿದ ಶೆಡ್ಡಿನಲ್ಲಿ ಅವರು ಮಾಡಿದ ಬೋರ್ಡುಗಳು ನಾಲ್ಕು ಸಾವಿರಕ್ಕೆ ಕಡಿಮೆಯಿಲ್ಲ. ಜಾಲಿ ಮರದ ಚೌಕಟ್ಟನ್ನು ಕೂದಲೆಳೆಯ ಸಂದೂ ಉಳಿಯದಂತೆ ಕೂಡಿಸುತ್ತಿದ್ದರು. ಬಲವಾಗಿ ಹೊಡೆದ ಸ್ಟ್ರೈಕರ್ ಆ ಕಡೆಗೂ ಈ ಕಡೆಗೂ ಮೂರೂವರೆ ಸಲ ಓಡಬೇಕು. ಮೂರಕ್ಕೆ ನಿಂತಿತೋ, ಚೌಕಟ್ಟು ಬಿಚ್ಚಿ ಮತ್ತೆ ಮೊದಲಿನಿಂದ. ಝೀರೋ ಪೇಪರಿನಲ್ಲಿ ಹಲಗೆಯನ್ನು ಉಜ್ಜಿ ನುಣುಪು ಮಾಡುವ ಕೆಲಸ ಶಾಂತಾದೇವಿಯವರದು. ಇಷ್ಟೆಲ್ಲ ಆದ ಮೇಲೆ ಚಿಕ್ಕಪೇಟೆಯ ಸಾಹುಕಾರನ ಟೆಂಪೊ ಬರುತ್ತಿತ್ತು, ಬೋರ್ಡುಗಳು ಹೋಗುತ್ತಿದ್ದವು, ಅವುಗಳ ಬೆನ್ನಿಗೆ ಆ ಸಾಹುಕಾರನ ಬಣ್ಣದ ಚೀಟಿ ಬೀಳುತ್ತಿತ್ತು. "ಬೆವರು ನಂದು, ಹೆಸರು ಆ ದರಿದ್ರದವನದು" ಎಂದು ಜಯದೇವಪ್ಪನವರು ದಿನಕ್ಕೆರಡು ಸಲವಾದರೂ ಬೈಯುತ್ತಿದ್ದರು. ಶಾಂತಾದೇವಿ ಉಜ್ಜುತ್ತಲೇ ಹೂಂ ಎನ್ನುತ್ತಿದ್ದರು.

ಹೀಗಿರುವಾಗ ಹೋದ ವರ್ಷ ಜರ್ಮನಿಯವನೊಬ್ಬ ಯಾವುದೋ ಕಂಪನಿಯ ಕೆಲಸಕ್ಕೆ ಬಂದವನು ಜಯನಗರದ ಕ್ಲಬ್ಬೊಂದರಲ್ಲಿ ಕೇರಂ ಆಡಿದ. ಅವನ ಊರಿನಲ್ಲೂ ಕೇರಂ ಕ್ಲಬ್ಬಿದೆಯಂತೆ, ಅದರ ಕಾರ್ಯದರ್ಶಿ ಅವನೇ ಅಂತೆ. ಆಡಿ ಮುಗಿಸಿ ಬೋರ್ಡನ್ನು ಬೋರಲು ಹಾಕಿದ, ಚೀಟಿ ನೋಡಿದ, ಚಿಕ್ಕಪೇಟೆಗೆ ಹೋದ, ಅಲ್ಲಿನ ಕೂಲಿಯವರನ್ನು ಕೇಳಿಕೊಂಡು ಆಟೊ ಹತ್ತಿ ಸೀದಾ ಈ ಶೆಡ್ಡಿಗೇ ಬಂದುಬಿಟ್ಟ. ಜಯದೇವಪ್ಪನವರು ಗಾಬರಿಯಾಗಿ, ಕೂರಿಸಲು ಕುರ್ಚಿಯಿಲ್ಲದೆ, ಬೋರ್ಡಿನ ಸ್ಟ್ಯಾಂಡ್ ಮೇಲೇ ಕೂರಿಸಿದರು. ತಮ್ಮ ಕ್ಲಬ್ಬು ದೊಡ್ಡ ಪಂದ್ಯಾವಳಿ ನಡೆಸುತ್ತದೆ, ಅದಕ್ಕೆ ಹದಿನಾರು ಬೋರ್ಡು ಬೇಕು, ಮೂವರು ತಯಾರಕರಿಂದ ಒಂದೊಂದು ತರಿಸಿ ಶನಿವಾರವೊಂದು ಗೊತ್ತುಮಾಡಿ ಆಡಿ ನೋಡುತ್ತೇವೆ, ಗೆದ್ದವರಿಗೆ ಆರ್ಡರು ಎಂದ. ಇಂಗ್ಲಿಷಿನಲ್ಲಿದ್ದ ಮಾತನ್ನೆಲ್ಲ ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡುವ ಧೃತಿಯೇ ಬಿಡಿಸಿ ಹೇಳಿದಳು.

"ಯಾರ ಹೆಸರು ಹಾಕ್ಬೇಕಂತೆ ಕೇಳಮ್ಮ," ಎಂದರು ಜಯದೇವಪ್ಪ.

"ನಿಮ್ದೇ ಅಂಕಲ್. ಮಾಡಿದೋರ ಹೆಸರು ಇರ್ಲೇಬೇಕಂತೆ."

ಅವತ್ತು ರಾತ್ರಿ ಅವರಿಗೆ ಊಟ ಸೇರಲಿಲ್ಲ. ಮಾರನೆಯ ದಿನವೇ ಕಬ್ಬಿಣದ ಅಚ್ಚು ಮಾಡಿಸಿದರು, ಮೇಲೆ ಕನ್ನಡದಲ್ಲಿ, ಕೆಳಗೆ ಇಂಗ್ಲಿಷಿನಲ್ಲಿ. ಎರಡು ತಿಂಗಳು ಕೂತು ಮಾಡಿದ ಬೋರ್ಡಿನ ಬೆನ್ನಿಗೆ ಕಾಯಿಸಿದ ಅಚ್ಚನ್ನು ಒತ್ತಿದಾಗ ಎದ್ದ ಹೊಗೆಗೋ ಏನೋ, ಕಣ್ಣು ಒದ್ದೆಯಾಯಿತು.

ಪೆಟ್ಟಿಗೆ ಕಟ್ಟುವಾಗ ಎರಡು ಕೆಲಸ ಮಾಡಿದರು. ಸುಂಕ ಯಾರು ಕೊಡಬೇಕು, ಕಳಿಸುವವರೋ ಪಡೆಯುವವರೋ ಎಂದು ಫಾರಂ ತುಂಬುತ್ತ ಧೃತಿ ಕೇಳಿದ್ದಕ್ಕೆ, "ನಮ್ಮ ಸಾಮಾನು ಅವರ ಹೊಸಲು ಮುಟ್ಟೋವರ್ಗೂ ಖರ್ಚು ನಮ್ದೇ ಕಣಮ್ಮ, ಅವರ ಹತ್ರ ಕೇಳಿದ್ರೆ ಮರ್ಯಾದೆ ಇರುತ್ತಾ" ಎಂದರು. ಇನ್ನೊಂದನ್ನು ಧೃತಿಗೆ ಹೇಳಲೇ ಇಲ್ಲ. ಹೇಳುವಂಥದ್ದೇನೂ ಇರಲಿಲ್ಲ. ಬೋರ್ಡು ಕೊಂಡವರಿಗೆ ಒಂದು ಹಿಡಿ ಪೌಡರ್ ಕೊಸರು ಕೊಡುವುದು ಅವರ ಪದ್ಧತಿ. ಸೊಪ್ಪಿನವಳು ಕೊತ್ತಂಬರಿ ಎಸಳು ಹಾಕುವ ಹಾಗೆ. ದೂರದವರು ಎಂದು ಈ ಸಲ ಎರಡು ಹಿಡಿ ಹಾಕಿ, ಪ್ಲಾಸ್ಟಿಕ್ ಕವರಿಗೆ ದಾರ ಸುತ್ತಿ, ಬೋರ್ಡಿನ ಮೂಲೆಯ ಬಲೆಯೊಳಗೆ ತುರುಕಿದರು.

ಈಗ ಬಿಲ್ಲು ಹಿಡಿದುಕೊಂಡು ಅವರೂ ಧೃತಿಯೂ ಜಯನಗರದ ಕೊರಿಯರ್ ಆಫೀಸಿಗೆ ಓಡಿದರು. ಅಲ್ಲಿನ ಕಸ್ಟಮ್ಸ್ ಏಜೆಂಟ್ ದೀಪಕ್ ಕಂಪ್ಯೂಟರ್ ನೋಡಿ ನೋಡಿ, ಮೆಲ್ಲಗೆ ಕೇಳಿದ:

"ಸಾರ್, ಬಾಕ್ಸ್ ಒಳಗೆ ಬಿಳಿ ಪುಡಿ ಏನಾದ್ರೂ ಇಟ್ಟಿದ್ರಾ?"

"ಪೌಡರ್ರು. ಕೇರಂ ಪೌಡರ್ರು. ಯಾಕೆ?"

"ಬಿಲ್‌ನಲ್ಲಿ ಬರೆದಿಲ್ವಲ್ಲ."

"ಕೊಸರಿಗೆ ಯಾರಾದ್ರೂ ಬಿಲ್ ಹಾಕ್ತಾರೇನಪ್ಪ?"

ದೀಪಕ್ ಹಣೆ ಒತ್ತಿಕೊಂಡ. ಹೆಸರಿಲ್ಲದ ಕವರು, ದಾರದ ಗಂಟು, ಬಿಳಿ ಪುಡಿ. ಜರ್ಮನಿಯ ಕಸ್ಟಮ್ಸಿನವರು ಅದನ್ನು ಮಾದಕ ವಸ್ತು ಎಂದುಕೊಂಡಿದ್ದರು. ಜಯದೇವಪ್ಪನವರಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಕೌಂಟರನ್ನು ಗಟ್ಟಿಯಾಗಿ ಹಿಡಿದುಕೊಂಡರು. ಬೀಡಿ ಸೇದಿದವರಲ್ಲ, ಕಾಫಿಗೂ ಸಕ್ಕರೆ ಲೆಕ್ಕ ಮಾಡಿ ಹಾಕಿಕೊಂಡವರು.

"ಲ್ಯಾಬ್ ಟೆಸ್ಟ್ ಆಯ್ತು ಸಾರ್, ಪೌಡರ್ ಅಂತಾನೇ ಬಂತು, ಭಯ ಬೀಳ್ಬೇಡಿ. ಆದ್ರೆ ಲ್ಯಾಬ್ ಫೀಸೇ ಮೂವತ್ತೊಂದು ಸಾವಿರ. ಗೋಡೌನ್ ಬಾಡಿಗೆ ಹದಿನಾರು ದಿನದ್ದು ಮೂವತ್ತಾರರ ಹತ್ರ. ಬಾಕ್ಸ್ ಬಿಚ್ಚಿದ್ದಕ್ಕೆ ಬೇರೆ, ಮತ್ತೆ ಕಟ್ಟಿದ್ದಕ್ಕೆ ಬೇರೆ. ಅಲ್ಲಿನ ಬ್ರೋಕರ್ ಪೇಪರ್ ಹಾಕಿದ್ದಕ್ಕೆ ಒಂಬತ್ತು ಸಾವಿರ. ನಿಮ್ ಪರವಾಗಿ ಟ್ಯಾಕ್ಸ್ ಮೊದ್ಲೇ ಕಟ್ಟಿದ್ದಕ್ಕೆ ಎರಡು."

"ಮತ್ತೆ ಸುಂಕ ಎಷ್ಟಪ್ಪ? ಸರ್ಕಾರದ ಸುಂಕ?"

"ಅದು ಜಾಸ್ತಿ ಇಲ್ಲ ಸಾರ್. ಮೂರೂವರೆ ಸಾವಿರ."

ಮೂಗಿಗಿಂತ ಮೂಗುತಿ ಭಾರ ಎಂದು ಕೇಳಿದ್ದರು. ಇಲ್ಲಿ ಮೂಗೇ ಕಾಣುತ್ತಿರಲಿಲ್ಲ. ಗುರುವಾರದೊಳಗೆ ದುಡ್ಡು ಕಟ್ಟಿದರೆ ಶುಕ್ರವಾರ ಬೋರ್ಡು ಕ್ಲಬ್ಬಿಗೆ ಮುಟ್ಟುತ್ತದೆ, ಶನಿವಾರವೇ ಆ ಪರೀಕ್ಷೆ. ಇಲ್ಲದಿದ್ದರೆ ಬೇಡವೆಂದು ಸಹಿ ಹಾಕಿ ಕೈಬಿಡಬಹುದು.

"ಬಿಟ್ಬಿಡಿ ಅಂಕಲ್," ಎಂದಳು ಧೃತಿ. "ಇನ್ನೊಂದು ಮಾಡ್ಬಹುದು."

"ಕೈಬಿಟ್ರೆ ಅದನ್ನ ಏನ್ ಮಾಡ್ತಾರೆ?"

"ಮಷಿನ್‌ಗೆ ಹಾಕಿ ಪುಡಿ ಮಾಡ್ತಾರೆ ಸಾರ್," ಎಂದ ದೀಪಕ್.

ನಾಲ್ಕು ಸಾವಿರ ಬೋರ್ಡಿನಲ್ಲಿ ತಮ್ಮ ಹೆಸರಿದ್ದುದು ಅದೊಂದೇ. ಎಡಗಣ್ಣಿನ ಪೊರೆ ತೆಗೆಸಲೆಂದು ಬ್ಯಾಂಕಿನಲ್ಲಿಟ್ಟಿದ್ದ ಠೇವಣಿಯನ್ನು ಬುಧವಾರ ಮುರಿಸಿ ಜಯದೇವಪ್ಪನವರು ದುಡ್ಡು ಕಟ್ಟಿದರು. ಕೇಳಿದವರೆಲ್ಲ ಹುಚ್ಚು ಎಂದರು, ಹುಚ್ಚೇ ಸರಿ. ಶಾಂತಾದೇವಿ ಮಾತ್ರ ಎರಡು ಲೋಟ ಕಾಫಿ ತಂದು ಪಕ್ಕದಲ್ಲಿ ಕೂತರು.

ಶುಕ್ರವಾರ ಸಂಜೆ ಕ್ಲಬ್ಬಿನಿಂದ ಫೋಟೊ ಬಂತು. ಚೌಕಟ್ಟಿನ ತಳದಲ್ಲಿ ನಾಲ್ಕೂ ಬದಿಗೆ ಬೆರಳು ತೂರುವಷ್ಟು ತೂತು. ಮರದೊಳಗೂ ಪುಡಿ ತುಂಬಿರಬಹುದೆಂದು ಕೊರೆದು ನೋಡಿದ್ದರು. ಒಂದು ತೂತಂತೂ ಅಚ್ಚೊತ್ತಿದ ಹೆಸರಿನ ನಡುವಿಗೇ ಬಿದ್ದಿತ್ತು. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಎತ್ತಿದ್ದರು ಪುಣ್ಯಾತ್ಮರು. ಶನಿವಾರವಿಡೀ ಜಯದೇವಪ್ಪನವರು ಶೆಡ್ಡಿನ ಬಾಗಿಲು ತೆಗೆಯಲಿಲ್ಲ.

ಭಾನುವಾರ ಬೆಳಿಗ್ಗೆ ಧೃತಿ ಚಪ್ಪಲಿಯನ್ನೂ ಮೆಟ್ಟದೆ ಓಡಿ ಬಂದಳು. ತೂತು ತಳದಲ್ಲಿದ್ದುದರಿಂದ ಆಟಕ್ಕೆ ಅಡ್ಡಿಯಾಗಿರಲಿಲ್ಲ. ಮೂರೂ ಬೋರ್ಡುಗಳಲ್ಲಿ ಇಂಥ ನುಣುಪು ಬೇರೆಯದಕ್ಕಿಲ್ಲ, ಕಾಯಿ ಎಣ್ಣೆಯ ಮೇಲೆ ಜಾರಿದಂತೆ ಜಾರುತ್ತದೆ, ಹದಿನಾರೂ ನಿಮ್ಮವೇ ಬೇಕು, ಇನ್ನು ಮುಂದೆ ಸುಂಕ ನಾವೇ ಕೊಡುತ್ತೇವೆ ಎಂದು ಕಾರ್ಯದರ್ಶಿ ಬರೆದಿದ್ದ. ಜಯದೇವಪ್ಪನವರು ಮೂರು ಸಲ ಓದಿಸಿ ಕೇಳಿದರು. ಸೋಮವಾರ ದೀಪಕ್‌ಗೆ ಫೋನ್ ಮಾಡಿದರು, ಧ್ವನಿ ಧೃತಿಗೂ ಹೆಂಡತಿಗೂ ಕೇಳುವಂತೆ ಇಟ್ಟು.

"ಕಂಗ್ರಾಟ್ಸ್ ಸಾರ್. ಆದ್ರೆ ಒಂದು ಕಷ್ಟ ಇದೆ. ನಿಮ್ ಹೆಸರು ಅಲ್ಲಿ ಲಿಸ್ಟ್‌ಗೆ ಸೇರ್ಬಿಟ್ಟಿದೆ. ಎರಡು ವರ್ಷ ಈ ಹೆಸರು ಪೇಪರ್ ಮೇಲೆ ಕಂಡ್ರೂ, ಬೋರ್ಡ್ ಮೇಲೆ ಕಂಡ್ರೂ ಬಿಚ್ಚೇ ಬಿಚ್ತಾರೆ, ಕೊರೀತಾರೆ, ಅದೇ ಬಿಲ್ಲು ಮತ್ತೆ. ಬೇರೆ ಯಾರದ್ದಾದ್ರೂ ಹೆಸರಲ್ಲಿ ರಿಜಿಸ್ಟರ್ ಮಾಡ್ಸಿ ಕಳ್ಸಿ. ನೀವು ಹೇಳ್ತಿದ್ದ ಆ ಚಿಕ್ಕಪೇಟೆಯವ್ರಿಗೆ ಎಕ್ಸ್‌ಪೋರ್ಟ್ ಲೈಸೆನ್ಸ್ ಇದ್ಯಲ್ಲ."

ಫೋನು ಇಟ್ಟರು. ಗೆದ್ದು ಬಂದದ್ದೆಲ್ಲ ಬಂದು ಹೆಸರೊಂದೇ ಹೋಗಿತ್ತು. "ಮತ್ತೆ ಅವನ ಚೀಟೀನೇ," ಎಂದರು, "ನನ್ನ ಹಣೇಲಿ ಬರೆದಿಲ್ಲ ಬಿಡು."

ಶೆಡ್ಡಿನ ಬಾಗಿಲಲ್ಲಿ ಶಾಂತಾದೇವಿ ನಿಂತಿದ್ದರು. ಮೊಣಕೈವರೆಗೂ ಮರದ ಹೊಟ್ಟು.

"ನನ್ನ ಹೆಸರು ಹಾಕ್ರೀ."

"ಏನು?"

"ಶಾಂತಾದೇವಿ ಅಂತ. ನುಣುಪು ಚೆನ್ನಾಗಿದೆ ಅಂತ ತಾನೆ ಅವ್ರು ತಗೊಂಡಿರೋದು? ನಾನೇ ಅಲ್ವಾ ಮೂವತ್ತಮೂರು ವರ್ಷ ಉಜ್ಜಿದ್ದು."

ಸಾರಿಗೆ ಉಪ್ಪು ಸಾಕಾ ಎಂದು ಕೇಳುವಷ್ಟು ಸಲೀಸಾಗಿ ಅವರು ಅದನ್ನು ಹೇಳಿದರು. ಸಿಟ್ಟಿಲ್ಲ, ಕೊಂಕಿಲ್ಲ. ಹೇಳಿ ಒಳಗೆ ಹೋದರು, ಝೀರೋ ಪೇಪರಿನ ಸದ್ದು ಮತ್ತೆ ಶುರುವಾಯಿತು. ಜಯದೇವಪ್ಪನವರು ಆ ಸದ್ದನ್ನೇ ಕೇಳುತ್ತ ಕೂತರು. ಬೆವರು ನಂದು, ಹೆಸರು ಅವನದು ಎಂದು ತಾವು ಬೈದಾಗಲೆಲ್ಲ ಎದುರಿಗೆ ಕೂತು ಹೂಂಗುಟ್ಟುತ್ತಿದ್ದವಳು ಬೋರ್ಡು ಉಜ್ಜುತ್ತಿದ್ದಳು. ಅಚ್ಚು ಮಾಡಿಸಿದ ದಿನವೂ ಉಜ್ಜುತ್ತಿದ್ದಳು.

ಕೊನೆಗೆ ಧೃತಿಯ ಕಡೆ ತಿರುಗಿದರು.

"ಅಚ್ಚು ಮಾಡ್ಸಕ್ಕೆ ಕೊಡ್ಬೇಕಮ್ಮ. ಅವಳು ತನ್ನ ಹೆಸರನ್ನ ಹೇಗೆ ಬರೀತಾಳೆ, ಒಂಚೂರು ಕೇಳ್ಕೊಂಡು ಬಾ. ನಾನು ಯಾವತ್ತೂ ನೋಡಿಲ್ಲ."