ಪೆನ್ನಿನಲ್ಲಿ ಬರೆದ ಹೂವು

ನಾನು ಆ ಮರದ ಹತ್ತಿರ ಹೋಗಲಿಲ್ಲ. ಹೋಗಿ ಬಂದೆ ಎಂದು ಅಕ್ಕನಿಗೆ ಹೇಳಿದೆ. ನಾನು ಬರೆಯಬೇಕಾಗಿರುವುದು ಇಷ್ಟೇ. ಉಳಿದದ್ದೆಲ್ಲ ಅದು ಹೇಗಾಯಿತು ಎನ್ನುವುದು.

ಅಕ್ಕನ ನೋಟ್‌ಬುಕ್ಕು ನಮ್ಮ ಮನೆಯ ಟ್ರಂಕಿನಲ್ಲಿ ಸೀರೆಗಳ ಕೆಳಗಿತ್ತು. ಹೋದ ವಾರ ಹೊರಗೆ ತೆಗೆದೆ. ಸುತ್ತಿದ್ದ ಪ್ಲಾಸ್ಟಿಕ್ ಬಿಚ್ಚಿದಾಗ ಮೊದಲು ನುಸಿಗುಳಿಗೆಯ ವಾಸನೆ ಬಂತು, ಆಮೇಲೆ ಒಣಗಿದ ಎಲೆಯ ವಾಸನೆ, ಆಮೇಲೆ ಅಕ್ಕ ತಲೆಗೆ ಹಚ್ಚುತ್ತಿದ್ದ ಹರಳೆಣ್ಣೆಯದು. ಇಷ್ಟು ವರ್ಷವಾದ ಮೇಲೂ ಎಣ್ಣೆಯ ವಾಸನೆ ಕಾಗದದಲ್ಲಿ ನಿಲ್ಲುತ್ತದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ನನಗೆ ಬಂತು. ಅಳು ಬರಲಿಲ್ಲ. ಅಕ್ಕ ಸತ್ತ ದಿನವೂ ಬಂದಿರಲಿಲ್ಲ.

ಅಕ್ಕ ನನಗಿಂತ ಎಂಟು ವರ್ಷ ದೊಡ್ಡವಳು. ಮದುವೆಯಾಗಿ ಎರಡು ವರ್ಷಕ್ಕೆ ತವರಿಗೆ ವಾಪಸು ಬಂದವಳು. ಯಾಕೆಂದು ನಾವು ಕೇಳಲಿಲ್ಲ, ಅವಳು ಹೇಳಲಿಲ್ಲ. ಊರಿನ ಸ್ಕೂಲಿನಲ್ಲಿ ಮಕ್ಕಳಿಗೆ ಬಿಸಿಯೂಟ ಮಾಡುವ ಕೆಲಸಕ್ಕೆ ಸೇರಿದಳು. ಪಾತ್ರೆ ತೊಳೆದಿಟ್ಟ ಮೇಲೆ ಸಂಜೆತನಕ ಅವಳಿಗೆ ಬಿಡುವು. ಆ ಹೊತ್ತಿನಲ್ಲಿ ಮಾವಿನ ತೋಟಗಳಿಗೆ ಕೂಲಿಗೆ ಬರುತ್ತಿದ್ದಳು. ನಾನು ಏಳನೇ ಕ್ಲಾಸಿಗೆ ಓದು ಬಿಟ್ಟು ಆಗಲೇ ತೋಟದ ಕೆಲಸಕ್ಕೆ ಬಿದ್ದಿದ್ದೆ.

ಶ್ರೀನಿವಾಸಪುರದ ಕಡೆ ಮಾವಿನ ಮರಕ್ಕೆ ಬದನಿಕೆ ಹತ್ತುವುದು ಎಲ್ಲರಿಗೂ ಗೊತ್ತು. ಕೊಂಬೆಯೊಳಗೆ ಬೇರು ಇಳಿಸಿ ಮರವನ್ನೇ ಹೀರುವ ಗಿಡ ಅದು. ಫಸಲು ಮುಗಿದ ಮೇಲೆ ಉದ್ದನೆಯ ಕೋಲಿನ ತುದಿಗೆ ಕುಡುಗೋಲು ಕಟ್ಟಿಕೊಂಡು ಅದನ್ನು ಕಿತ್ತು ಹಾಕುತ್ತೇವೆ. ಒಂದು ಸಲ ಹಾಗೆ ಕೀಳುತ್ತಿದ್ದಾಗ ಅಕ್ಕ ಕೆಳಗಿನಿಂದ ಕೂಗಿದಳು.

“ಲೇ, ನಿಲ್ಸೋ! ಅದನ್ಯಾಕೆ ಕೀಳ್ತೀಯ?”

“ಬದನಿಕೆ ಅಲ್ವಾ?”

“ನಿನ್ ತಲೆ. ಬೇರು ನೋಡು. ಕೊಂಬೆ ಒಳಕ್ಕೆ ಹೋಗೈತಾ? ಹೊರಗಡೆ ತಬ್ಕೊಂಡು ಕೂತದೆ, ಅಷ್ಟೆ. ಮರದಿಂದ ಒಂದು ತೊಟ್ಟೂ ಕೇಳಲ್ಲ.”

“ಮತ್ತೇನು ತಿಂತದೆ?”

“ಗಾಳಿ. ನಿನ್ನಂಗೆ ದಿನಕ್ಕೆ ಮೂರು ಮುದ್ದೆ ಅಲ್ಲ.”

ಜೊತೆಯ ಕೂಲಿಯವರು ನಕ್ಕರು. ನಾನೂ ನಕ್ಕೆ. ಆ ಗಿಡದ ಬೇರು ಬೆರಳಿನಷ್ಟು ದಪ್ಪ, ಸುಣ್ಣ ಬಳಿದಂತೆ ಬಿಳಿ. ಉಗುರಿನಿಂದ ಕೆರೆದರೆ ಒಳಗೆ ಹಸಿರು. ಅದುವರೆಗೆ ನಾನು ಎಷ್ಟು ಕಿತ್ತು ಹಾಕಿದ್ದೆನೋ.

ಇದನ್ನು ಅವಳಿಗೆ ಹೇಳಿಕೊಟ್ಟವರು ಸ್ಕೂಲಿನ ವಿಜ್ಞಾನದ ಟೀಚರು. ಇಂಥ ಗಿಡಗಳನ್ನು ಆರ್ಕಿಡ್ ಎನ್ನುತ್ತಾರೆ, ಇವು ಮಲೆನಾಡಿನಲ್ಲಿ ಮಾತ್ರವಲ್ಲ, ನಮ್ಮ ಒಣ ನೆಲದಲ್ಲೂ ಇವೆ ಎಂದು ಚಿತ್ರದ ಪುಸ್ತಕ ತೋರಿಸಿದ್ದರು. ವರ್ಗವಾಗಿ ಹೋಗುವಾಗ ಒಂದು ಭೂತಗನ್ನಡಿಯನ್ನೂ ಈ ನೋಟ್‌ಬುಕ್ಕನ್ನೂ ಅಕ್ಕನಿಗೆ ಕೊಟ್ಟು ಹೋದರು. ಹೋಗುವ ಮುಂಚೆ ಒಂದು ಮಾತು ಕಲಿಸಿದ್ದರು. ಎಲೆ ನೋಡಿ ಬರೆಯುವುದೆಲ್ಲ ಪೆನ್ಸಿಲಿನಲ್ಲಿ. ಹೂವು ಕಣ್ಣಿಂದ ನೋಡಿದ ಮೇಲೆಯೇ ಪೆನ್ನು. ಅಕ್ಕ ಅದನ್ನು ವ್ರತದ ಹಾಗೆ ಪಾಲಿಸಿದಳು. ಪುಸ್ತಕದ ಉದ್ದನೆಯ ಹೆಸರುಗಳು ಅವಳ ಬಾಯಿಗೆ ಹತ್ತಲಿಲ್ಲ. ತನ್ನವೇ ಹೆಸರು ಇಟ್ಟುಕೊಂಡಳು. ಕಂದು ಎಸಳಿನ ಮೇಲೆ ಹೆಂಚು ಹೊದಿಸಿದಂತೆ ಗೆರೆ ಇರುವುದು ಚೌಕಳಿ ಹೂ. ಎಲೆ ಕಡ್ಡಿಯಂತೆ ದುಂಡಗಿರುವುದು ಪೆನ್ಸಿಲ್ ಗಿಡ. ಹೂವಿನಲ್ಲಿ ಕೆಳಕ್ಕೆ ಚಾಚಿದ ಎಸಳಿಗೆ ನಾಲಗೆ ಎನ್ನುತ್ತಿದ್ದಳು. ನಾಲಗೆ ನೋಡದೆ ಜಾತಿ ಹೇಳಬಾರದು ಎನ್ನುತ್ತಿದ್ದಳು.

ಒಂದು ಭಾನುವಾರ ಮುಳಬಾಗಿಲು ರಸ್ತೆಯ ಒಂದು ಬಂಡೆಗುಡ್ಡಕ್ಕೆ ನನ್ನನ್ನು ಎಳೆದುಕೊಂಡು ಹೋಗಿದ್ದಳು. ಮಳೆ ಬಿದ್ದು ಹುಲ್ಲು ಎದ್ದಿತ್ತು. ನನಗೆ ಏನೂ ಕಾಣಿಸಲಿಲ್ಲ.

“ನಿಂತ್ಕೊಂಡು ನೋಡಿದ್ರೆ ಹುಲ್ಲೇ ಕಾಣೋದು. ಹೊಟ್ಟೆ ಮೇಲೆ ಮಲಕ್ಕೊಳೋ,” ಎಂದಳು.

ಮಲಗಿದೆ. ಮೂಗಿನ ಮುಂದೆಯೇ ನಾಲ್ಕು ಅಗಲದ ಎಲೆಗಳು ಊಟಕ್ಕೆ ಹಾಕಿದಂತೆ ನೆಲಕ್ಕೆ ಅಂಟಿಕೊಂಡಿದ್ದವು. ನಡುವಿನಿಂದ ಒಂದು ದಂಟು, ಅದರ ತುಂಬ ಬಿಳಿ ಹೂ. ಅಕ್ಕ ನನ್ನ ಪಕ್ಕದಲ್ಲೇ ಮಲಗಿ ಹೂ ಎಣಿಸಿ ಪೆನ್ನಿನಲ್ಲಿ ಬರೆದಳು. ಕುರಿ ಮೇಯಿಸುವ ಮುದುಕನೊಬ್ಬ ಬಂದು, ಏನು ಬಿದ್ದುಹೋಯಿತಮ್ಮ ಎಂದು ನಮ್ಮ ಜೊತೆ ಹುಡುಕತೊಡಗಿದ... ಬಸ್ಸಿನಲ್ಲಿ ವಾಪಸು ಬರುವಾಗ ಅವಳ ಸೀರೆಯ ಮುಂಭಾಗವೆಲ್ಲ ಕೆಸರು. ಅಷ್ಟು ಹೊತ್ತು ಅವಳು ನಕ್ಕದ್ದನ್ನು ನಾನು ಬೇರೆ ಯಾವಾಗಲೂ ನೋಡಿಲ್ಲ.

ಟೀಚರ ಪುಸ್ತಕದಲ್ಲಿ ಇನ್ನೊಂದು ಹೂವಿನ ಚಿತ್ರವಿತ್ತು. ಚೌಕಳಿ ಹೂವಿನ ಗಿಡದಂಥದ್ದೇ ಗಿಡ, ಎಲೆ ಸ್ವಲ್ಪ ಸಣ್ಣ. ಹೂ ಮಾತ್ರ ಹಳದಿ, ನಾಲಗೆ ನೀಲಿ. ಈ ಕಡೆ ತಾನು ನೋಡಿಲ್ಲ, ನಿಮಗೆ ಸಿಕ್ಕರೂ ಸಿಗಬಹುದು ಎಂದಿದ್ದರಂತೆ. ಅಕ್ಕ ಆರೇಳು ವರ್ಷ ಅದನ್ನೇ ಹುಡುಕಿದಳು. ಕೊನೆಗೆ ನಮ್ಮೂರಿಂದ ಮೂರು ಮೈಲಿ ದೂರದ ಒಂದು ತೋಟದ ಬದುವಿನಲ್ಲಿ, ಹಳೆಯ ಹಿಪ್ಪೆ ಮರದ ಮೇಲೆ ಅಂಥ ನಾಲ್ಕೈದು ಗಿಡ ಸಿಕ್ಕಿದವು. ಹೂವಿರಲಿಲ್ಲ. ‘ಹಳದಿ ಇರಬಹುದು’ ಎಂದು ಪೆನ್ಸಿಲಿನಲ್ಲಿ ಬರೆದಳು. ಬೇಸಿಗೆ ಬರಲಿ ಎಂದು ಕಾದಳು.

ಬೇಸಿಗೆ ಬರುವಷ್ಟರಲ್ಲಿ ಅವಳಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಎರಡೂ ಹೋದವು. ಮಾತು ನಿಧಾನವಾಯಿತು, ಆದರೆ ಉಳಿಯಿತು. ನನ್ನ ಹೆಂಡತಿ ನೋಡಿಕೊಂಡಳು. ನಾನು ಆಗ ಮಾವಿನ ಮಂಡಿಯಲ್ಲಿ ಕಾಯಿ ವಿಂಗಡಿಸುವ ಕೆಲಸಕ್ಕೆ ಸೇರಿದ್ದೆ.

ಅದೇ ಬೇಸಿಗೆಯಲ್ಲಿ ಆ ತೋಟದ ಯಜಮಾನರು ಮನೆಗೆ ಬಂದರು. ಬದುವಿನಲ್ಲಿ ಕೃಷಿ ಹೊಂಡ ತೋಡಿಸಬೇಕು, ಹಿಪ್ಪೆ ಮರ ಅಡ್ಡ ಬರುತ್ತದೆ ಎಂದರು. ಅಕ್ಕ ಆ ಮರದ ಕೆಳಗೆ ನಿಂತು ಕತ್ತೆತ್ತಿ ನೋಡುತ್ತಿದ್ದುದನ್ನು ಅವರು ಬಹಳ ಸಲ ಕಂಡಿದ್ದರು.

“ನೋಡಮ್ಮ, ನೀನು ಬೇಡ ಅಂದ್ರೆ ಹೊಂಡಾನ ಆ ಕಡೆಗೆ ತಗಸ್ತೀನಿ. ಒಂದು ವಾರದಲ್ಲಿ ಹೇಳು,” ಎಂದರು.

ಅವರು ಹೋದ ಮೇಲೆ ಅಕ್ಕ ನನ್ನನ್ನು ಕರೆದಳು.

“ನೀನು ಹೋಗಿ ನೋಡ್ಕೊಂಡ್ ಬಾರೋ. ಈಗ ಹೂ ಬಿಟ್ಟಿರ್ತದೆ. ಚೌಕಳೀನೇ ಆದ್ರೆ ಕಡೀಲಿ, ಅದು ಎಲ್ಲಾ ಕಡೆ ಐತೆ. ಹಳದಿ ಆದ್ರೆ ಬೇಡ ಅನ್ನಣ.”

ಸೈಕಲ್ಲಿನಲ್ಲಿ ಅರ್ಧ ಗಂಟೆಯ ದಾರಿ. ಮಂಡಿಯಲ್ಲಿ ರಜ ಕೊಡಲಿಲ್ಲ ಎಂದು ಬರೆದರೆ ಸುಲಭವಾಗುತ್ತದೆ. ನಾನು ಕೇಳಲೇ ಇಲ್ಲ. ಕಾಯಿ ಬಂದು ಬೀಳುವ ಕಾಲ, ನಿಂತು ನಿಂತು ಕಾಲು ಮರಗಟ್ಟುತ್ತಿದ್ದವು, ನಾಳೆ ಹೋದರಾಯಿತು ಎಂದುಕೊಂಡೆ. ಮೂರು ದಿನ ಅಕ್ಕ ಕೇಳಿದಳು, ಮೂರು ದಿನ ನಾಳೆ ಎಂದೆ. ಮೂರನೆಯ ದಿನ ಅವಳು ಕೇಳುವಾಗ ನನಗೆ ಸಿಟ್ಟು ಬಂತು. ಒಂದು ಹೂವಿಗೆ ಇಷ್ಟು ರಂಪವೇ ಎಂದು ಹೆಂಡತಿಯ ಹತ್ತಿರ ಅಂದೆ. ಅಕ್ಕನಿಗೆ ಕೇಳಿಸಿರಬೇಕು.

ನಾಲ್ಕನೆಯ ದಿನ ಮಂಡಿ ಬೇಗ ಬಿಟ್ಟಿತು. ಹೋಗಬಹುದಿತ್ತು. ಬಸ್ ಸ್ಟ್ಯಾಂಡಿನ ಹತ್ತಿರ ಟೀ ಕುಡಿಯುತ್ತ ಕೂತೆ. ಹೋಗಿ ಬರುವುದಕ್ಕೆ ಎಷ್ಟು ಹೊತ್ತಾಗುತ್ತದೋ ಅಷ್ಟು ಹೊತ್ತು ಕೂತೆ. ಆಮೇಲೆ ಮನೆಗೆ ಹೋದೆ.

“ಏಮ್ರಾ ತಮ್ಮುಡೂ, ಹೋಗಿದ್ಯಾ?” ಎಂದಳು. ಖುಷಿಯಲ್ಲಿದ್ದಾಗ ಅವಳು ನನ್ನನ್ನು ತೆಲುಗಿನಲ್ಲಿ ಕರೆಯುತ್ತಿದ್ದಳು.

“ಹ್ಞೂಂ.”

“ಬಿಟ್ಟಿತ್ತಾ?”

“ಬಿಟ್ಟಿತ್ತು.”

“ಯಾವ ಬಣ್ಣ?”

“ಕಂದು. ಚೌಕಳಿ ಚೌಕಳಿ.”

“ನಾಲಗೆ?”

“ನೇರಳೆ.”

“ದಂಟಿಗೆ ಎಷ್ಟು ಹೂ?”

“ಆರು.”

ಅವಳು ಕಲಿಸಿದ್ದನ್ನೇ ಅವಳಿಗೆ ಒಪ್ಪಿಸಿದೆ. ಒಂದು ಕಡೆಯೂ ತಡವರಿಸಲಿಲ್ಲ. ಅವಳು ಜಂತೆಯ ಕಡೆ ನೋಡಿದಳು. ಆಮೇಲೆ ನಕ್ಕಳು. ಬಾಯಿಯ ಎಡಗಡೆ ಮಾತ್ರ ನಕ್ಕಿತು.

“ಸರಿ ಬಿಡು. ನಂದೇ ತಪ್ಪು. ಪುಸ್ತಕ ತಗೋ. ಪೆನ್ಸಿಲ್ದು ಅಳ್ಸಿ ಪೆನ್ನಲ್ಲಿ ಬರಿ.”

ಅಳಿಸಿದೆ. ‘ಹಿಪ್ಪೆ ಮರ. ಚೌಕಳಿ ಹೂ. ನಾಲಗೆ ನೇರಳೆ. ದಂಟಿಗೆ ಆರು. ಕಣ್ಣಿಂದ ನೋಡಿದ್ದು’ ಎಂದು ಅವಳು ಹೇಳಿದಳು, ನಾನು ಬರೆದೆ. ಆ ನೋಟ್‌ಬುಕ್ಕಿನಲ್ಲಿ ನನ್ನ ಅಕ್ಷರ ಇರುವುದು ಅದೊಂದೇ ಕಡೆ. ಮಾರನೆಯ ದಿನ ಯಜಮಾನರಿಗೆ ಫೋನು ಮಾಡಿ, ಕಡಿಸಿಕೊಳ್ಳಿ ಅಂತೆ ಎಂದು ಹೇಳಿದವನೂ ನಾನೇ. ಅದೇ ವಾರ ಮರ ಬಿತ್ತು.

ಅಕ್ಕ ಮಳೆಗಾಲದ ಶುರುವಿನಲ್ಲಿ ತೀರಿಕೊಂಡಳು. ಆ ಹೂವು ಯಾವುದಾಗಿತ್ತು ಎಂದು ನಾನು ಯೋಚಿಸಲಿಲ್ಲ. ಯೋಚಿಸದೆ ಇರುವುದು ಕಷ್ಟವಾಗಲೂ ಇಲ್ಲ. ಬೆಳಿಗ್ಗೆ ಮಂಡಿಗೆ ಹೋದೆ, ಸಂಜೆ ಬಂದೆ. ವರ್ಷಗಳು ಹಾಗೇ ಹೋದವು...

ಹೋದ ವಾರ ಮಂಡಿಯವರು ಫಸಲು ನೋಡಿ ಬರಲು ನನ್ನನ್ನು ಅದೇ ತೋಟಕ್ಕೆ ಕಳಿಸಿದರು. ಹಿಪ್ಪೆ ಮರ ಇದ್ದ ಕಡೆ ನೀಲಿ ಪ್ಲಾಸ್ಟಿಕ್ ಹಾಸಿದ ಹೊಂಡ. ಮೋಟರ್ ಶೆಡ್ಡಿನ ಪಕ್ಕದಲ್ಲಿ ಒಂದು ಹೊಂಗೆ ಮರ. ಅದರ ಕಾಂಡಕ್ಕೆ ಹಳೆಯ ಸೀರೆಯ ಅಂಚಿನಿಂದ ಒಂದು ಗಿಡ ಕಟ್ಟಿತ್ತು. ಬಿಳಿ ಬೇರು ಬಟ್ಟೆ ದಾಟಿ ತೊಗಟೆಯನ್ನು ಹಿಡಿದಿತ್ತು. ಗಿಡದಲ್ಲಿ ಒಂದು ದಂಟು ಹೂವಿತ್ತು.

ಹಳದಿ. ನಾಲಗೆ ನೀಲಿ.

“ಏನಣ್ಣ ಹಂಗೆ ನಿಂತ್ಬಿಟ್ಟೆ? ನಿಮ್ಮಕ್ಕನ ಗಿಡಾನೇ ಅದು,” ಎಂದಳು ತೋಟ ಕಾಯುವ ಹೆಂಗಸು. “ಹಿಪ್ಪೆ ಮರ ಕೆಡವಿದಾಗ ಕೊಂಬೆ ಜೊತೆ ಬಿದ್ದಿದ್ವು. ಮಣ್ಣು ಬೇಡ, ಮರಕ್ಕೆ ಕಟ್ಟಿದ್ರೆ ಬದುಕ್ಕೊಂತದೆ ಅಂತ ಅಕ್ಕ ಹೇಳ್ತಿದ್ರಲ್ಲ. ಮೂರು ಕಟ್ಟಿದ್ದೆ. ಎರಡು ಒಣಗೋದ್ವು. ಇದೊಂದು ಉಳೀತು. ಹೂ ಬಿಟ್ಟಿದ್ದು ಈ ಸಲಾನೇ.”

ನಾನು ಹತ್ತಿರ ಹೋಗಿ ದಂಟಿನ ಹೂ ಎಣಿಸಿದೆ.

“ಅವರಿದ್ದಿದ್ರೆ ಇವತ್ತು ಸ್ಕೂಲಲ್ಲಿ ಮಕ್ಕಳಿಗೆ ಊಟ ಇರ್ತಿರ್ಲಿಲ್ಲ ಬಿಡು, ಇಲ್ಲೇ ಕೂತಿರೋರು,” ಎಂದು ನಕ್ಕಳು.

ಹೌದು ಎಂದೆ. ಮನೆಗೆ ಬಂದು ಟ್ರಂಕು ತೆಗೆದೆ.

ಆ ಪುಟವನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ನಾನು ಅಳಿಸಿದ ಸಾಲು ಇನ್ನೂ ಕಾಣುತ್ತದೆ. ಅಕ್ಕ ಪೆನ್ಸಿಲನ್ನು ಒತ್ತಿ ಬರೆಯುತ್ತಿದ್ದಳು. ಅದರ ಮೇಲೆಯೇ ನನ್ನ ಪೆನ್ನಿನ ಸಾಲು ಇದೆ.

ಈ ಭಾನುವಾರ ನೋಟ್‌ಬುಕ್ಕು ತೆಗೆದುಕೊಂಡು ಮತ್ತೆ ಹೋದೆ. ಎರಡು ಹೂ ಬಾಡಿದ್ದವು, ಐದು ಇನ್ನೂ ಇದ್ದವು. ಭೂತಗನ್ನಡಿ ಹಿಡಿದು ನಾಲಗೆ ನೋಡಿದೆ. ಹಳೆಯ ಸಾಲನ್ನು ಹೊಡೆದುಹಾಕಲಿಲ್ಲ. ಅದು ಇರಲಿ. ಅದರ ಕೆಳಗೆ ಬಣ್ಣ, ನಾಲಗೆ, ಎಣಿಕೆ ಬರೆದೆ, ಪೆನ್ನಿನಲ್ಲಿ. ಬೇರೆ ಯಾವ ಮರದಲ್ಲಾದರೂ ಈ ಹೂವು ಉಳಿದಿದೆಯೋ ನನಗೆ ತಿಳಿಯದು. ನೋಡಿ ಹೇಳುವ ಕಣ್ಣು ನನಗಿಲ್ಲ, ಅದು ಇದ್ದವಳು ಇಲ್ಲ. ಮೋಟರು ಓಡುತ್ತಿತ್ತು, ಹೊಂಡಕ್ಕೆ ನೀರು ಬೀಳುತ್ತಿತ್ತು. ಕಾವಲಿನ ಹೆಂಗಸು ದೂರದಲ್ಲಿ ಒಣಗಿದ ಎಲೆ ಗುಡಿಸುತ್ತಿದ್ದಳು. ನಾನು ಬಾಯಿ ಬಿಟ್ಟು, ಕೇಳಿಸುವ ಹಾಗೆಯೇ ಹೇಳಿದೆ.

“ಅಕ್ಕಾ, ಅವತ್ತು ನಾನು ಹೋಗೇ ಇರ್ಲಿಲ್ಲ ಕಣಕ್ಕ. ನೋಡ್ದೆ ಅಂತ ಸುಳ್ಳು ಹೇಳ್ದೆ. ನೀನು ಪೆನ್ಸಿಲಲ್ಲಿ ಬರ್ದಿದ್ದೇ ಸರಿ ಇತ್ತು. ನನ್ನಿಂದ ತಪ್ಪಾಯ್ತು.”